ಶಾಲು ಬೀಳದ ಹೆಗಲು

"ಉಸ್ತಾದ್ರೆ, ವೇದಿಕೆಗೆ ಹೆಂಗಸರು ಬೇಡ ಅಂತ ನಮ್ಮಲ್ಲಿ ಯಾರೂ ಹೇಳಿಲ್ಲ. ಆದರೂ ವೇದಿಕೆಯ ಮೇಲೆ ಒಬ್ಬರೂ ಇಲ್ಲ. ತಪ್ಪು ಯಾರದು?"

ಕೇಳಿದವನು ಚೆಲುವರಾಜ. ಚಿಕ್ಕಂದಿನಲ್ಲಿ ಉಸ್ತಾದ್ ಮುದ್ದಯ್ಯನವರ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದವನು, ಈಗ ದೊಡ್ಡಾಸ್ಪತ್ರೆಯ ಸರ್ಜನ್. ಸರ್ಜನ್‌ಗಳ ಸಮ್ಮೇಳನದಲ್ಲಿ ಯಾರು ಮಾತಾಡಬೇಕೆಂದು ಗೊತ್ತುಮಾಡುವ ಕೆಲಸ ಈ ಸಲ ಅವನ ತಲೆಗೆ ಬಂದಿತ್ತು. ಗೊತ್ತುಮಾಡಿ ನೋಡಿದರೆ ಎಲ್ಲರೂ ಗಂಡಸರೇ.

"ನನ್ನ ಜೊತೆ ಒಬ್ಬ ಡಾಕ್ಟರಮ್ಮ ಇದ್ದಾರೆ" ಎಂದ. "ಒಳ್ಳೆ ಕೈ. 'ಈ ಸಲವೂ ನಾನು ಹಾರ ತುರಾಯಿ ಹಿಡಿದು ನಿಲ್ಲೋದೇನಾ? ಹಾಗಾದರೆ ಬೇರೆ ಊರಿನ ಆಸ್ಪತ್ರೆಗೆ ಹೋಗ್ತೀನಿ' ಅಂದುಬಿಟ್ಟರು. ಆ ಡಾಕ್ಟರಮ್ಮ ಹೋದರೆ ನನ್ನ ಬಲಗೈ ಹೋದ ಹಾಗೆ. ಆದರೆ ನಾನು ಬೇಡ ಅಂದಿಲ್ಲವಲ್ಲ. ಏನು ಹೇಳಲಿ, ತಿಳಿಯುತ್ತಿಲ್ಲ."

ಮುದ್ದಯ್ಯನವರಿಗೆ ಓದು ಬರಹ ಬಾರದು, ಕತೆಗೆ ಬರವಿಲ್ಲ.

"ಒಂದು ರಾಜ್ಯದಲ್ಲಿ ವರ್ಷಕ್ಕೊಮ್ಮೆ ಶಸ್ತ್ರವೈದ್ಯರ ಸಭೆ ಕೂಡುತ್ತಿತ್ತು. ನಾನೂ ಇದ್ದೆ. ರಾಜನ ಪಟ್ಟದಾನೆಯ ತಪ್ಪಿದ ಕೀಲು ಕೂಡಿಸಿದವನು ನಾನೇ, ಅದಕ್ಕೆ ಕರೆಸಿದ್ದರು. ರಾಜ ಹೋದ, ಮಾವುತ ಹೋದ, ಆನೆಯೂ ಹೋಯಿತು. ಸುಳ್ಳು ಅನ್ನೋರು ಯಾರಾದರೂ ಉಳಿದಿದ್ದರೆ ಕರೆದುಕೊಂಡು ಬಾ."



ಆ ಸಭೆಗೊಂದು ಪದ್ಧತಿ. ಮಾತು ಮುಗಿಸಿ ಇಳಿದವನು ತನ್ನ ಶಾಲನ್ನು ಇನ್ನೊಬ್ಬನ ಹೆಗಲಿಗೆ ಹಾಕಿ, ಅವನ ಹೆಸರು ಕೂಗಬೇಕು. ಮುಂದಿನ ಮಾತು ಅವನದು. ಯಾರ ಹೆಸರು ಕೂಗುತ್ತಾರೆ? ಹೋದ ವರ್ಷ ಯಾರ ಮಾತು ಕೇಳಿದ್ದರೋ ಅವರದು. ಕೇಳದವರ ಹೆಸರು ನಾಲಿಗೆಗೆ ಬರುವುದೆಲ್ಲಿ?

ಸಭೆಯಲ್ಲಿ ಒಬ್ಬ ಹೆಂಗಸಿದ್ದಳು. ಹರಿದ ಮೂಗು ಹೊಲಿಯುವವಳು. ಬಾಗಿಲ ಬಳಿ ಕೂರುತ್ತಿದ್ದಳು.

"ನಾನೂ ಅವಳ ಪಕ್ಕದಲ್ಲೇ" ಎಂದರು ಉಸ್ತಾದರು. "ಅವಳ ಸಂಚಿಯ ಎಲೆಅಡಿಕೆ ಎಷ್ಟು ತಿಂದಿದ್ದೇನೋ. ಅವಳು ಹೊಲಿದ ಮೂಗು ದಾರ ಕತ್ತರಿಸುವ ಮೊದಲೇ ಸೀನುತ್ತಿತ್ತು. ಒಂದು ಸಲ ನನ್ನ ಮೇಲೇ ಸೀನಿತು."

ವೇದಿಕೆ ಹತ್ತಿದವರೆಲ್ಲ ಅವಳ ಹೊಲಿಗೆಯನ್ನೇ ಹೊಗಳುತ್ತಿದ್ದರು. 'ನಮ್ಮ ಸಭೆಯ ಹೊಲಿಗೆ' ಎನ್ನುತ್ತಿದ್ದರು. ಶಾಲು ಮಾತ್ರ ಮುಂದಿನ ಸಾಲಿನಲ್ಲೇ ಸುತ್ತುತ್ತಿತ್ತು.

ಕೊನೆಗೆ ಅವಳು ಸಭೆಯ ಹಿರಿಯನನ್ನು ಕೇಳಿದಳು. "ಅಣ್ಣಾ, ಶಾಲು ಬಾಗಿಲ ತನಕ ಯಾಕೆ ಬರೋದಿಲ್ಲ?"

"ಬೇಡ ಅಂದೋರು ಯಾರು ತಾಯಿ? ನೀನು ಮಾತಾಡಿದ್ದನ್ನ ಒಂದು ಸಲ ಕೇಳಿದರೆ ನಾನೇ ಹಾಕುತ್ತಿದ್ದೆ."

"ಶಾಲು ಬೀಳದೆ ಮಾತಾಡೋ ಹಾಗಿಲ್ಲವಲ್ಲ?"

ಹಿರಿಯ ಯೋಚಿಸಿದ. ಅವಳು ಹೇಳುವುದು ಸರಿ ಎನಿಸಿತು. ಪದ್ಧತಿಯೂ ಸರಿ ಎನಿಸಿತು. ಎರಡೂ ಸರಿಯಾಗಿದ್ದರಿಂದ ಅವನು ಊಟಕ್ಕೆ ಎದ್ದ.

ಮರುವರ್ಷ ಬಾಗಿಲ ಬಳಿ ಅವಳಿರಲಿಲ್ಲ. ಪಕ್ಕದ ರಾಜ್ಯಕ್ಕೆ ಹೋಗಿದ್ದಳು. ಅದೇ ವರ್ಷ ರಾಜ ಬೇಟೆಯಲ್ಲಿ ಕುದುರೆಯಿಂದ ಬಿದ್ದು ಮೂಗು ಹರಿದುಕೊಂಡ. ಸಭೆ ಸೇರಿತು. ಆ ಹೊಲಿಗೆ ಹೇಗಿರಬೇಕೆಂದು ಒಬ್ಬನಾದ ಮೇಲೊಬ್ಬ ಸೊಗಸಾಗಿ ಹೇಳಿದ. ಸೂಜಿಯನ್ನು ಯಾರೂ ಮುಟ್ಟಲಿಲ್ಲ.

"ಹೊಲಿಯುವವಳು ಒಬ್ಬಳಿದ್ದಳಲ್ಲ, ಕರೆಸಿ" ಎಂದ ರಾಜ.

ಎಲ್ಲರೂ ಮುಖ ಮುಖ ನೋಡಿಕೊಂಡರು. ಏನೆಂದು ಕರೆಸುವುದು? ಅವಳ ಹೆಸರು ಒಬ್ಬರಿಗೂ ತಿಳಿಯದು. ಆಳುಗಳು ಗಡಿಯ ತನಕ ಹೋಗಿ, ಯಾರ ಹೆಸರು ಹೇಳಿ ಕೇಳಬೇಕೆಂದು ತೋಚದೆ ಹಿಂದಿರುಗಿದರು. ರಾಜ ಸಾಯುವ ತನಕ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ರಾಜ್ಯ ಆಳಿದ.

ಉಸ್ತಾದರು ಮೀಸೆ ನೀವಿಕೊಂಡರು. ಚೆಲುವರಾಜನಿಗೆ ದಾರಿ ಕಾಣುವ ಬದಲು ಮತ್ತಷ್ಟು ಗೋಜಲಾಯಿತು. ಹಿರಿಯ ಕೆಟ್ಟವನಲ್ಲ, ಸಭೆ ಕೆಟ್ಟದ್ದಲ್ಲ, ಆದರೂ ಮೂಗು ಹೋಯಿತು. ಅಷ್ಟರಲ್ಲಿ ಒಂದು ಹೊಳೆಯಿತು. ಹುಡುಗನಾಗಿದ್ದಾಗ ಉಸ್ತಾದರ ಪಟ್ಟು ಬಿಡಿಸಿಕೊಂಡಷ್ಟೇ ಖುಷಿಯಾಯಿತು.

"ಅಲ್ಲ ಉಸ್ತಾದ್ರೆ, ನೀವು ಅವಳ ಪಕ್ಕದಲ್ಲೇ ಕೂತಿದ್ದಿರಿ, ಅವಳ ಎಲೆಅಡಿಕೆ ತಿಂದಿದ್ದಿರಿ. ನೀವಾದರೂ ರಾಜನಿಗೆ ಅವಳ ಹೆಸರು ಹೇಳಬಾರದಿತ್ತೇ? ಎಲ್ಲಿ, ಈಗ ಹೇಳಿ ನೋಡೋಣ."

ಸಿಕ್ಕಿಬಿದ್ದ ಮುದುಕ ಭುಜ ಕುಣಿಸಿದ.

"ನಾನೂ ಕೇಳಿರಲಿಲ್ಲ ಕಣಪ್ಪ. ನೀನೂ ಬಂದಾಗಿನಿಂದ 'ಒಬ್ಬ ಡಾಕ್ಟರಮ್ಮ' ಅಂತಲೇ ಅಂತಿದ್ದೀಯ."