ಕೆಂಚವ್ವನ ಮೂರು ಗುಂಡಿಗಳು

ಮಕ್ಕಳೇ, ದಟ್ಟ ಕಾಡಿನ ನಡುವೆ ನಂದಿಹೊಂಡ ಎಂಬ ಒಂದು ಹೊಂಡವಿತ್ತು. ಅದರ ಸುತ್ತ ಮೊಲ, ಅಳಿಲು, ಮುಳ್ಳುಹಂದಿ, ಆಮೆ, ನರಿ ಎಲ್ಲವೂ ಸಂಸಾರ ಹೂಡಿಕೊಂಡಿದ್ದವು. ಸಂಸಾರ ಅಂದಮೇಲೆ ಕಸ ಇದ್ದೇ ಇರುತ್ತದಲ್ಲ? ಹಣ್ಣಿನ ಸಿಪ್ಪೆ, ಹಳೆಯ ಹಾಸಿಗೆಯ ಹುಲ್ಲು, ಉದುರಿದ ಪುಕ್ಕ, ಕಡಿದು ಬಿಟ್ಟ ಮೂಳೆ, ಹೀಗೆ ಸಿಕ್ಕಿದ್ದೆಲ್ಲವನ್ನೂ ಹೊಂಡದ ದಂಡೆಯ ಒಂದೇ ತಗ್ಗಿಗೆ ತಂದು ಸುರಿಯುವುದು ಅಲ್ಲಿಯ ರೂಢಿ.

ಒಂದು ಮಳೆಗಾಲದಲ್ಲಿ ಆ ತಗ್ಗು ತುಂಬಿ ಕೊಳೆತದ್ದೆಲ್ಲ ಹೊಂಡಕ್ಕೆ ಹರಿಯಿತು. ನೀರು ಗಬ್ಬೆದ್ದು ನಾರಿತು. ಮೀನುಮರಿಗಳು ಹೊಟ್ಟೆ ಮೇಲಾಗಿ ತೇಲಿದವು. ನೀರು ಕುಡಿದವರೆಲ್ಲ ಹೊಟ್ಟೆ ಹಿಡಿದುಕೊಂಡು ಮಲಗಿದರು. ಚೇತರಿಸಿಕೊಂಡ ಮೇಲೆ ಎಲ್ಲರೂ ಸಭೆ ಸೇರಿ, ಮುಂಗುಸಿ ಕೆಂಚವ್ವನನ್ನು ಯಜಮಾನಿಯಾಗಿ ಆರಿಸಿದರು. ನಾಗರಹಾವಿಗೇ ಹೆದರದವಳು ಕಸಕ್ಕೆ ಹೆದರುತ್ತಾಳೆಯೇ ಎಂಬುದು ಅವರ ಲೆಕ್ಕಾಚಾರ.

ಕೆಂಚವ್ವ ಹಿಡಿದ ಕೆಲಸ ಬಿಡುವವಳಲ್ಲ. ಮುಂದಿನ ಮಳೆಗೆ ಒಂದು ಸಿಪ್ಪೆಯೂ ಹೊಂಡಕ್ಕೆ ಇಳಿಯಬಾರದು ಎಂದು ಅಂದೇ ನಿಶ್ಚಯಿಸಿದಳು. ಆದರೆ ಅವಳಲ್ಲೊಂದು ದೋಷವಿತ್ತು. ಹಾವಿನ ಮುಂದೆ ಎಷ್ಟು ಹೊತ್ತು ಬೇಕಾದರೂ ತಾಳ್ಮೆಯಿಂದ ನಿಲ್ಲುತ್ತಿದ್ದಳು. ಯಾರಾದರೂ ಒಂದು ಪ್ರಶ್ನೆ ಕೇಳಿದರೆ ಮಾತ್ರ ತಾಳ್ಮೆ ಇರುತ್ತಿರಲಿಲ್ಲ.

ಕಸದಲ್ಲಿ ಎಷ್ಟೋ ಉಪಯೋಗವಿದೆ ಎಂದು ಅವಳಿಗೆ ಗೊತ್ತಿತ್ತು. ಸಿಪ್ಪೆಯನ್ನು ಎರೆಹುಳುಗಳು ತಿಂದು ಕಪ್ಪು ಮಣ್ಣು ಮಾಡುತ್ತವೆ, ಆ ಮಣ್ಣಿನಲ್ಲಿ ಗೆಡ್ಡೆ ಚೆನ್ನಾಗಿ ಬೆಳೆಯುತ್ತದೆ. ಒಣಹುಲ್ಲು, ಪುಕ್ಕ ಗೂಡು ಕಟ್ಟುವವರಿಗೆ ಬೇಕು. ಮೂಳೆಯನ್ನು ಮುಳ್ಳುಹಂದಿ ಕಡಿಯುತ್ತದೆ. ಎಲ್ಲವೂ ಒಂದರಲ್ಲೊಂದು ಬೆರೆತರೆ ಮಾತ್ರ ಯಾರಿಗೂ ಬೇಡ. ಇದನ್ನೆಲ್ಲ ಅವಳು ಯಾರಿಗೂ ಹೇಳಲಿಲ್ಲ. ತನ್ನ ಕಣ್ಣಳತೆಯಲ್ಲೇ ಇರಲಿ ಎಂದು ಬಿಲದ ಪಕ್ಕದ ದಿಬ್ಬದ ಮೇಲೆ ಮೂರು ಗುಂಡಿ ತೋಡಿ, ಹಸಿ ಕಸ ಒಂದಕ್ಕೆ, ಒಣ ಕಸ ಇನ್ನೊಂದಕ್ಕೆ, ಮೂಳೆ ಮತ್ತೊಂದಕ್ಕೆ ಎಂದು ಸಾರಿದಳು. ಬೆರೆಸಿದವರು ಮರುದಿನ ಹೊತ್ತು ನೆತ್ತಿಗೇರುವವರೆಗೆ ನೀರಿಗೆ ಬರುವಂತಿಲ್ಲ ಎಂದಳು.

ಅವಳು ಕಾವಲು ಕೂತಾಗ ಎಲ್ಲರೂ ಸರಿಯಾಗಿ ಹಾಕಿದರು. ಬೇಟೆಗೆ ಹೋದಳೆಂದರೆ ಮನಸ್ಸಿಗೆ ಬಂದಂತೆ ಹಾಕಿದರು. ಆಮೆ ಕಸವನ್ನು ಪೊದೆಯ ಹಿಂದೆ ಬಿಟ್ಟು ಹೋದ. ನರಿ ಜಂಬಣ್ಣ ಎಲ್ಲವನ್ನೂ ಹತ್ತಿರದ ಗುಂಡಿಗೆ ಒದ್ದು ಹೋದ.

ಒಂದು ಸಂಜೆ ಮೊಲ ಬೆಳ್ಳಿಯಕ್ಕ ಒಂದು ಹೊರೆ ಹುಲ್ಲು ತಂದಳು. ಮಕ್ಕಳು ಅದರ ಮೇಲೆ ಕೂತು ಹಲಸಿನ ಹಣ್ಣು ತಿಂದಿದ್ದವು. ಅಂಟು ಹಿಡಿದ ಹುಲ್ಲು ಯಾವ ಗುಂಡಿಗೆ ಎಂದು ಅವಳು ಮೆಲ್ಲಗೆ ಕೇಳಿದಳು.

"ಹುಲ್ಲು ಅಂದರೆ ಹುಲ್ಲೇ. ಹೇಳಿದಷ್ಟು ಮಾಡು," ಎಂದು ಕೆಂಚವ್ವ ಮುಖ ತಿರುಗಿಸಿದಳು.

ಬೆಳ್ಳಿಯಕ್ಕ ಹುಲ್ಲನ್ನು ಒಣ ಗುಂಡಿಗೆ ಹಾಕಿ ಹೋದಳು. ಅದೇ ಹುಲ್ಲನ್ನು ಅಳಿಲು ಗೀರವ್ವ ಆರಿಸಿಕೊಂಡು ಹೋಗಿ, ಇನ್ನೂ ಕಣ್ಣು ಬಿಡದ ಮರಿಗಳ ಕೆಳಗೆ ಹಾಸಿದಳು. ಸಿಹಿಯ ವಾಸನೆಗೆ ಕೆಂಜಿಗದ ಇರುವೆಗಳ ಸಾಲು ಮರ ಹತ್ತಿತು. ಗೀರವ್ವ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆ ಕೊಂಬೆಗೆ ಸಾಗಿಸಿದಳು. ಕೊನೆಯ ಮರಿಯನ್ನು ತಲುಪುವಷ್ಟರಲ್ಲಿ ಇರುವೆ ಕಚ್ಚಿ ಅದರ ಮುಖ ಊದಿಹೋಗಿತ್ತು, ಹಾಲು ಕುಡಿಯಲೂ ಆಗುತ್ತಿರಲಿಲ್ಲ.

ಗೀರವ್ವ ಆ ಹುಲ್ಲನ್ನು ತಂದು ಕೆಂಚವ್ವನ ಮುಂದೆ ಹಾಕಿದಳು. ಕೆಂಚವ್ವ ರೋಮ ನಿಮಿರಿಸಿಕೊಂಡು ಎಲ್ಲರನ್ನೂ ಕರೆಸಿ, ಇದು ಯಾರ ಕೆಲಸ ಎಂದು ಗದರಿದಳು.

ಬೆಳ್ಳಿಯಕ್ಕ ಮುಂದೆ ಬಂದಳು. "ನನ್ನದೇ ಕೆಂಚವ್ವ. ಯಾವ ಗುಂಡಿಗೆ ಅಂತ ನಿಮ್ಮನ್ನೇ ಕೇಳಿದ್ದೆ. ಹುಲ್ಲು ಅಂದರೆ ಹುಲ್ಲೇ ಅಂದಿರಿ."

ಕೆಂಚವ್ವನ ರೋಮ ಮೆಲ್ಲಗೆ ಇಳಿಯಿತು. ಗೀರವ್ವನ ಕಣ್ಣನ್ನು ನೋಡಲು ಅವಳಿಗೆ ಆಗಲಿಲ್ಲ. ಜಂಬಣ್ಣ ಮಾತ್ರ, ನಿಯಮ ಮಾಡಿದವಳಿಗೇ ನಿಯಮ ಗೊತ್ತಿಲ್ಲ, ಇದಕ್ಕಿಂತ ಹಳೆಯ ತಗ್ಗೇ ವಾಸಿ ಎಂದು ನಕ್ಕ. ಕೆಲವರು ಹೌದೆಂದು ತಲೆಯಾಡಿಸಿದರು.

"ತಪ್ಪು ನನ್ನದು," ಎಂದಳು ಕೆಂಚವ್ವ. "ಆದರೆ ಗುಂಡಿ ಮುಚ್ಚುವುದಿಲ್ಲ. ನಾಳೆಯಿಂದ ನಾನೇ ಮನೆಮನೆಗೆ ಬರುತ್ತೇನೆ."

ಹಾಗೇ ಮಾಡಿದಳು. ಒಂದೊಂದು ಬಿಲದ ಮುಂದೆಯೂ ಕೂತು, ಆ ಮನೆಯ ಕಸವನ್ನೇ ಹರಡಿ, ಯಾವುದು ಎಲ್ಲಿಗೆ, ಯಾಕೆ, ಅದು ಯಾರ ಪಾಲಾಗುತ್ತದೆ ಎಂದು ವಿವರಿಸಿದಳು. ಹಸಿ ಗುಂಡಿಯ ಅಡಿಯಿಂದ ಕಪ್ಪು ಮಣ್ಣು ತೆಗೆದು ಎಲ್ಲರಿಗೂ ಮೂಸಲು ಕೊಟ್ಟಳು, ಅದು ನಾರುತ್ತಿರಲಿಲ್ಲ. ಗೀರವ್ವನೂ ಜೊತೆಗೆ ಬಂದು ಮರಿಯ ಮುಖ ಹೇಗೆ ಊದಿತ್ತೆಂದು ಹೇಳಿದಳು. ಅಂಟು ಹಿಡಿದ ಹುಲ್ಲು ಹಸಿ ಗುಂಡಿಗೆ ಎಂಬುದು ಆಗ ಚಿಕ್ಕ ಮಕ್ಕಳಿಗೂ ತಿಳಿಯಿತು.

ಪ್ರಶ್ನೆ ಕೇಳಿದಾಗ ಮೊದಮೊದಲು ಅವಳ ಬಾಲ ಪಟಪಟ ಬಡಿಯುತ್ತಿತ್ತು. ಆದರೂ ಹಲ್ಲು ಕಚ್ಚಿ ಕೇಳಿಸಿಕೊಂಡಳು. ಆಮೆ ಸೋಮಾರಿಯಲ್ಲ, ಪಾಪ ದಿಬ್ಬ ಹತ್ತಲಾರ ಎಂಬುದು ಅವಳಿಗೆ ಗೊತ್ತಾದದ್ದೂ ಹಾಗೆಯೇ. ಮರುದಿನವೇ ಅವಳು ಎಲ್ಲರೂ ನೀರಿಗೆ ಹೋಗುವ ದಾರಿಯ ಪಕ್ಕ, ಹೊಂಡದಿಂದ ದೂರದ ಸಮತಟ್ಟಾದ ಜಾಗದಲ್ಲಿ ಹೊಸದಾಗಿ ಮೂರು ಗುಂಡಿ ತೋಡತೊಡಗಿದಳು. ಗಟ್ಟಿ ನೆಲ ಕೆರೆದು ಉಗುರು ಸೀಳಿ ರಕ್ತ ಬಂತು. ಅದನ್ನು ಕಂಡ ಮುಳ್ಳುಹಂದಿ ತಾನೂ ಇಳಿದು ಅಗೆದ. ಬೆಳ್ಳಿಯಕ್ಕ ಅಂಚಿಗೆ ಮಣ್ಣಿನ ಬದು ಕಟ್ಟಿದಳು.

ಈಗ ಕಾವಲಿಲ್ಲದಿದ್ದರೂ ಕಸ ಬೇರೆಬೇರೆಯಾಗಿ ಬೀಳತೊಡಗಿತು. ಜಂಬಣ್ಣನೊಬ್ಬ ಎಲ್ಲ ತಿಳಿದೂ ಬೆರೆಸುತ್ತಲೇ ಇದ್ದ. ಅವನು ಬೆಳಿಗ್ಗೆ ನೀರಿಗೆ ಬಂದಾಗ ಕೆಂಚವ್ವ ಅಡ್ಡ ನಿಂತಳು. ಬೆಳ್ಳಿಯಕ್ಕನನ್ನು, ಆಮೆಯನ್ನು ಕ್ಷಮಿಸಿದೆಯಲ್ಲ, ನನ್ನನ್ನು ಮಾತ್ರ ಯಾಕೆ ತಡೆಯುತ್ತೀ ಎಂದು ಅವನು ಕೇಳಿದ.

"ಗೊತ್ತಿಲ್ಲದವರಿಗೆ ಹೇಳಿಕೊಟ್ಟೆ, ಆಗದವರಿಗೆ ದಾರಿ ಮಾಡಿಕೊಟ್ಟೆ," ಎಂದಳು ಕೆಂಚವ್ವ. "ಗೊತ್ತಿದ್ದೂ ಮಾಡದವನಿಗೆ ಉಳಿದಿರುವುದು ನಿಯಮ ಒಂದೇ, ಜಂಬಣ್ಣ."

ಬಿಸಿಲಿನಲ್ಲಿ ನಾಲಗೆ ಚಾಚಿಕೊಂಡು ಮಧ್ಯಾಹ್ನದವರೆಗೆ ಕಾದ ಮೇಲೆ, ಅವನು ಮಾರನೆಯ ದಿನ ಮೂಳೆಯನ್ನು ಬೇರೆ, ಸಿಪ್ಪೆಯನ್ನು ಬೇರೆ ತಂದ.

ಮಳೆ ಹಿಡಿಯಿತು. ಹೊಂಡ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತು, ಆದರೆ ನಾರಲಿಲ್ಲ. ಗೀರವ್ವನ ಮರಿಗಳು ಕೊಂಬೆಯಿಂದ ಕೊಂಬೆಗೆ ಹಾರುತ್ತಿದ್ದವು. ಮುಖ ಊದಿದ್ದ ಮರಿ ಯಾವುದೆಂದು ಈಗ ಗುರುತೇ ಸಿಗುತ್ತಿರಲಿಲ್ಲ.

ಆ ದಿನಗಳಲ್ಲೇ ಬೇರೆ ಕಾಡಿನಿಂದ ಕೌಜುಗನ ಹಕ್ಕಿಗಳ ಸಂಸಾರವೊಂದು ಹೊಂಡಕ್ಕೆ ವಲಸೆ ಬಂತು. ಅವರಿಗೆ ನಿಯಮ ತಿಳಿಸಬೇಕೆಂದು ಕೆಂಚವ್ವ ಹೊರಟಳು. ದಾರಿಯ ತಿರುವಿನಲ್ಲೇ ಅವಳಿಗೆ ಬೆಳ್ಳಿಯಕ್ಕನ ದನಿ ಕೇಳಿಸಿತು. ಬೆಳ್ಳಿಯಕ್ಕ ಹೊಸಬರ ನಡುವೆ ಕೂತು, ಅವರ ಕಸವನ್ನು ಹರಡಿಕೊಂಡು, "ಯಾಕೆ ಅಂತ ಕೇಳಿ, ಹೇಳುತ್ತೇನೆ," ಎನ್ನುತ್ತಿದ್ದಳು.

ಕೆಂಚವ್ವ ಅಲ್ಲಿಂದಲೇ ಹಿಂತಿರುಗಿ ಬೇಟೆಗೆ ಹೋದಳು.

ನೀತಿ: ಬರೀ ಆಜ್ಞೆಯಿಂದ ಊರು ಚೊಕ್ಕಟವಾಗದು, ಯಾಕೆಂದು ತಿಳಿಸಿ, ಮಾಡಲು ಅನುಕೂಲ ಕಲ್ಪಿಸಿದಾಗಲೇ ನಿಯಮ ಮನೆಮನೆಯ ರೂಢಿಯಾಗುತ್ತದೆ.