ಪರದೆಯ ಮೇಲಿನ ಅಳಿಯ

ತೆಂಗು ಬೆಳೆಗಾರರ ಸಂಘದ ಅಧ್ಯಕ್ಷ ಗುರುಪಾದಪ್ಪನವರು ತಮ್ಮ ಸನ್ಮಾನದ ವಿಡಿಯೋ ಎಡಿಟ್ ಆಗುವುದನ್ನು ನೋಡಲು ಸ್ಟುಡಿಯೋಗೆ ಬಂದು ಕೂತರು. ವಿಡಿಯೋ ಅತಿ ಸ್ಪಷ್ಟವಾದ, ದೊಡ್ಡ ಗಾತ್ರದ ಫೋರ್‌ಕೆ, ಕಂಪ್ಯೂಟರ್ ಹಳೆಯದು. ಪರದೆಯ ಮೇಲೆ ಅಧ್ಯಕ್ಷರು ಒಂದು ಹೆಜ್ಜೆ ಇಟ್ಟು, ಬಾಯಿ ತೆರೆದುಕೊಂಡು ಹಾಗೇ ನಿಂತುಬಿಟ್ಟರು.

“ನಾನು ಹೀಗೆ ನಡೀತೀನೇನಮ್ಮ? ಸಂಜೆ ಇದನ್ನ ಊರವರಿಗೆ ತೋರಿಸಬೇಕು.”

“ಫೈಲ್ ಭಾರ ಆಗಿದೆ ಸಾರ್,” ಎಂದಳು ಎಡಿಟರ್ ಶಶಿರೇಖಾ. “ಸಣ್ಣ ನಕಲು ಮಾಡಿಕೊಂಡು ಅದರಲ್ಲಿ ಕೆಲಸ ಮಾಡ್ತೀನಿ.”

“ನನ್ನನ್ನೇ ಸಣ್ಣ ಮಾಡ್ತೀಯಾ? ಆಗಲ್ಲ.”

ಶಶಿರೇಖಾ ಸ್ವಲ್ಪ ಯೋಚಿಸಿದಳು. “ಸಾರ್, ನೀವಿಲ್ಲಿದೀರಿ. ಸಂಘದ ಮೀಟಿಂಗಿಗೆ ಯಾರು ಹೋಗಿದಾರೆ?”

“ನನ್ನ ಪರವಾಗಿ ಅಳಿಯ ಹೋಗಿದಾನೆ.”

“ಕೊನೆಗೆ ಸಹಿ?”

“ನಂದೇ.”

“ಇಲ್ಲೂ ಅಷ್ಟೇ ಸಾರ್. ಕೆಲಸ ನಡೆಯುವಾಗ ಈ ನಕಲೇ ಅಳಿಯ. ಕೊನೆಗೆ ಪರದೆ ಮೇಲೆ ಅಸಲಿ ವಿಡಿಯೋ, ಪೂರ್ತಿ ನೀವೇ.”

ಅಧ್ಯಕ್ಷರು ತಲೆಯಾಡಿಸಿದರು. ನಕಲು ತಯಾರಾಯಿತು, ಎಲ್ಲೂ ನಿಲ್ಲದೆ ಓಡಿತು. ಶಶಿರೇಖಾ ಅವರ ಉದ್ದನೆಯ ಭಾಷಣಕ್ಕೆ ಕತ್ತರಿ ಹಾಕತೊಡಗಿದಳು.

ಅಧ್ಯಕ್ಷರು ಎದ್ದು ನಿಂತರು. “ಅದು ನನ್ನ ಭಾಷಣ ಕಣಮ್ಮ.”

“ಇದು ಅಳಿಯಂದಿರದ್ದು ಸಾರ್.”

ಅಧ್ಯಕ್ಷರು ನಿಧಾನವಾಗಿ ಮತ್ತೆ ಕೂತರು.

“ಹಾಗಾದ್ರೆ ಇನ್ನೊಂದಿಷ್ಟು ಕತ್ತರಿಸು. ಅವನಿಗೆ ಮಾತು ಜಾಸ್ತಿ.”