ಬಾಡಿದ ಸಾಹೇಬರ ಸ್ಟಾಪು

ಹೆದ್ದಾರಿ ಪಕ್ಕದ ಪೈಪು ಕಾರ್ಖಾನೆಯಲ್ಲಿ ಸಣ್ಣೀರಪ್ಪ ಮಾಲಿ. ಪ್ರತಿ ಜೂನ್‌ನಲ್ಲೂ ಸಾಹೇಬರೆಲ್ಲ ಗೇಟಿನ ಮುಂದೆ ಅವೇ ಗುಂಡಿಗಳಲ್ಲಿ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆಮೇಲೆ ಸಣ್ಣೀರಪ್ಪ ಎಷ್ಟು ಬೇಡಿದರೂ ನೀರಿನ ಟ್ಯಾಂಕರ್ ಬರುತ್ತಿರಲಿಲ್ಲ. ಸಸಿಗಳು ಸಾಯುತ್ತಿದ್ದವು.

ಐದನೇ ವರ್ಷ ದೊಡ್ಡ ಸಾಹೇಬರು ಪಟ್ಟಾಭಿರಾಮಯ್ಯನವರು ಗುಡುಗಿದರು. "ನಾವು ಮಾಡೋ ಸಮಾಜಸೇವೆ ಜನಕ್ಕೆ ಗೊತ್ತಾಗ್ಬೇಕಯ್ಯಾ. ನನ್ನ ಹೆಸರು ರಸ್ತೆಗೆ ಕಾಣೋ ಹಾಗೆ ಬರೆಸು!"

"ಆಯ್ತು ಸಾರ್," ಅಂದ ಸಣ್ಣೀರಪ್ಪ. ಸಾಹೇಬರು ನೆಟ್ಟ ಹೊಂಗೆ ಸಸಿಯ ಪಕ್ಕದಲ್ಲೇ ಆಳೆತ್ತರದ ಬೋರ್ಡು ನಿಲ್ಲಿಸಿದ. ಅದರ ಮೇಲೆ ಅವರ ಹೆಸರು ಬಿಟ್ಟರೆ ಇನ್ನೇನೂ ಇರಲಿಲ್ಲ.

ತಿಂಗಳೊಳಗೆ ಸಸಿ ತಲೆ ಬಗ್ಗಿಸಿತು. ಗೇಟಿನ ಮುಂದೆ ನಿಲ್ಲುವ ಬಸ್ಸಿನ ಕಂಡಕ್ಟರು ಕೂಗತೊಡಗಿದ: "ಬಾಡಿದ ಸಾಹೇಬರ ಸ್ಟಾಪು! ಯಾರ್ರೀ ಇಳಿಯೋರು?"

ಸಾಹೇಬರು ಕೆಂಡವಾಗಿ ಓಡಿಬಂದರು. "ಕಿತ್ತಾಕು ಆ ಬೋರ್ಡನ್ನ!"

"ಈಗ್ಲೇ ಕೀಳ್ತೀನಿ ಸಾರ್. ಆದ್ರೆ ನಿನ್ನೆ ತನಕ ಬಾಡಿದ್ರು, ಇವತ್ತು ಹೋಗೇಬಿಟ್ರು ಅಂತಾರಲ್ಲ ಸಾರ್ ಬಸ್ಸಿನೋರು?"

ಸಾಹೇಬರು ಬೋರ್ಡಿನ ಮಾತು ಬಿಟ್ಟು ಟ್ಯಾಂಕರಿನವನಿಗೆ ಫೋನು ಮಾಡಿದರು. ಮಧ್ಯಾಹ್ನಕ್ಕೇ ಟ್ಯಾಂಕರ್ ಬಂತು. ತಮ್ಮ ಸಸಿಗೆ ಸಾಹೇಬರೇ ದಿನಾ ಕೊಡ ಹಿಡಿದು ನೀರು ಹೊಯ್ದರು.

ಹತ್ತು ವರ್ಷ ಕಳೆಯಿತು. ನಿವೃತ್ತರಾಗಿದ್ದ ಸಾಹೇಬರು ಒಂದು ದಿನ ಅಲ್ಲಿ ಕಾರು ನಿಲ್ಲಿಸಿದರು. ಬಸ್ಸಿಗೆ ಕಾಯುವವರೆಲ್ಲ ಹೊಂಗೆಯ ನೆರಳಲ್ಲಿ ಕೂತಿದ್ದರು. ಬೋರ್ಡು ಎಲೆಗಳೊಳಗೆ ಮುಚ್ಚಿಹೋಗಿತ್ತು.

"ಕೊಂಬೆ ಕಡಿದು ಹೆಸರು ಕಾಣೋ ಹಾಗೆ ಮಾಡ್ಲಾ ಸಾರ್?" ಅಂದ ಸಣ್ಣೀರಪ್ಪ.

ಸಾಹೇಬರು ಮೇಲೆತ್ತಿದ ಕತ್ತು ಇಳಿಸಲೇ ಇಲ್ಲ. ಮೆಲ್ಲಗೆ ಅಂದರು: "ಬೋರ್ಡು ಕಿತ್ತಾಕಯ್ಯಾ. ಮರಕ್ಕೆ ಒತ್ತುತ್ತೆ."